ರೊಂಡಾ ಮರ್ಯಾದೆ ಕೊಟ್ಟ ದಿನ

ಬೆಳಗ್ಗೆ ಹತ್ತಕ್ಕೆ ಮೈಕ್ ಪರೀಕ್ಷೆ ನಡೆಯುವಾಗ ಸ್ಪೀಕರ್ ಕಿರ್ರೆಂದು ಕೂಗಿತು. ಮೈದಾನದಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರೂ ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದಿನ ಲೆಸ್ ಟ್ರೆಂಬಾತ್ ಮಾತ್ರ ಕಲ್ಲಿನಂತೆ ಕೂತಿದ್ದ. ಮೇಲಿನ ಸ್ವರಗಳು ಅವನ ಕಿವಿಗೆ ಬೀಳದೆ ವರ್ಷವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹಾಡುಗಾರ್ತಿ ರೊಂಡಾ ವೇದಿಕೆ ಇಳಿದು ಬಂದಳು. "ಲೆಸ್ ಅವರೇ, ದಯವಿಟ್ಟು ಅದನ್ನ ಸ್ವಲ್ಪ ನೋಡ್ತೀರಾ?"

ಅವನು ತಟ್ಟನೆ ತಲೆಯೆತ್ತಿ ಅವಳನ್ನು ನೋಡಿದ. ಇದೇ ನ್ಯೂಕ್ಯಾಸಲ್ ಬಂದರಿನ ಪಬ್ಬಿನಲ್ಲಿ, ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದವರ ಬೈಗುಳದ ನಡುವೆ 'ಸ್ಟಾಕ್ಟನ್ ಫೆರಿ' ಎಂಬ ಅವರ ಹಾಡಿನ ತಂಡ ಹುಟ್ಟಿದಾಗಿನಿಂದ ಮಿಕ್ಸರ್ ಮುಂದೆ ಕೂರುತ್ತಿದ್ದವನು ಅವನೇ. ಆ ಪಬ್ಬಿನಿಂದ ಲಂಡನ್ನಿನವರೆಗೆ ಮೂವತ್ತನಾಲ್ಕು ವರ್ಷ ರೊಂಡಾ ಅವನನ್ನು ಬೈದೇ ಮಾತಾಡಿಸಿದ್ದಳು. ಬೈದರೆ ನಮ್ಮವನು ಎಂದರ್ಥ. ಹಳೆಯ ಡ್ರಮ್ಮರನನ್ನು ತಂಡದಿಂದ ತೆಗೆದುಹಾಕಿದ ದಿನವಷ್ಟೇ ಅವಳ ಬಾಯಲ್ಲಿ 'ದಯವಿಟ್ಟು' ಬಂದಿತ್ತು.

ತಂಡದ ವಿದಾಯದ ಕಾರ್ಯಕ್ರಮ ಮಧ್ಯಾಹ್ನ ಎರಡಕ್ಕೆ. ಅದು ತನ್ನ ಕೈಯಿಂದಲೇ ಕೆಟ್ಟರೆ? ಬೇರೆಯವನ ಕೈಗೆ ಹೋದರೆ? ತಿನ್ನುತ್ತಿದ್ದ ಮಾಂಸದ ಪೈಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಅವಳ ಮುಂದೆ ನಿಂತ.

"ರೋ, ನಂಗೆ ಮೇಲಿನ ಸ್ವರ ಕೇಳ್ಸಲ್ಲ ಕಣೇ. ಬೇರೆ ಯಾರನ್ನಾದ್ರೂ ಕೂರ್ಸು."

"ಅಂತೂ ಬಾಯಿ ಬಿಟ್ಯಲ್ಲೋ, ಕಿವುಡು ಮುದಿ ಗೂಬೆ!" ರೊಂಡಾಳ ಕಣ್ಣು ತುಂಬಿತ್ತು. "ನೀನೇ ಹೇಳ್ಲಿ ಅಂತ ನಿಂಗೆ ಮರ್ಯಾದೆ ಕೊಟ್ಟು ನನ್ನ ಬಾಯೇ ಕೆಟ್ಟೋಯ್ತು. ಹೋಗ್ ಕೂತ್ಕೋ. ಕಿರ್ರಂದ್ರೆ ನಾನು ಕಿವಿ ಹಿಡ್ಕೋತೀನಿ, ನೀನು ಇಳ್ಸು."

"ಕೊನೇಲಿ ಬರೋ ಆ ಉದ್ದನೆ ಸ್ವರಕ್ಕೆ?"

"ನನ್ನ ಗಂಟಲು ನೋಡು."

ನಾಲ್ಕನೆಯ ಹಾಡಿನಲ್ಲಿ ಅವಳು ಕಿವಿ ಹಿಡಿದಳು. ಅದೂ ಒಂದು ಆಟವೆಂದುಕೊಂಡು ಇಪ್ಪತ್ತು ಸಾವಿರ ಜನ ಕಿವಿ ಹಿಡಿದು ಕುಣಿದರು. ಲೆಸ್ ಬೆವರುತ್ತಾ ದನಿ ಇಳಿಸಿದ. ಮತ್ತೆರಡು ಸಲ ಹಾಗೇ ಆಯಿತು.

ಕೊನೆಗೆ ಊರಿಗೆಲ್ಲ ಬಾಯಿಪಾಠವಾಗಿದ್ದ ಆ ಉದ್ದನೆಯ ಸ್ವರ. ಅವಳ ಗಂಟಲಿನ ನರ ಉಬ್ಬಿತು. ಮುಂದಿನ ಸಾಲಿನ ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು. ಲೆಸ್‌ಗೆ ಏನೂ ಕೇಳಲಿಲ್ಲ. ಇಷ್ಟು ವರ್ಷ ತಾನು ಲೋಕಕ್ಕೆಲ್ಲ ಕೇಳಿಸಿದ್ದು ಇವತ್ತು ತನಗೊಬ್ಬನಿಗೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಬೆರಳು ಅಲುಗಿಸಲಿಲ್ಲ. ನರ ಇಳಿದು ಅವಳ ಬಾಯಿ ಮುಚ್ಚುವವರೆಗೂ ಕಾದು, ಆಮೇಲೆ ಮೈಕ್ ಆರಿಸಿದ.