ಇಪ್ಪತ್ತೆರಡೂವರೆ ಸುತ್ತು

ನಮ್ಮ ಭಾವನಿಗೆ ಊರಿನ ಮನುಷ್ಯರಿಗಿಂತ ಊರಿನ ಕೆಳಗಿನ ಕೊಳವೆಗಳ ಪರಿಚಯ ಹೆಚ್ಚು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಅವರು ವಾಲ್ವ್‌ಮನ್. ರಸ್ತೆಯಲ್ಲಿ ಹುದುಗಿರುವ ಕಬ್ಬಿಣದ ಮುಚ್ಚಳ ಎತ್ತಿ, ಎದೆಮಟ್ಟದ ಗುಂಡಿಗೆ ಇಳಿದು, ಉದ್ದನೆಯ ಕೀಲಿ ಹಾಕಿ ವಾಲ್ವ್ ತಿರುಗಿಸುತ್ತಾರೆ. ಒಂದು ಬಡಾವಣೆಗೆ ನೀರು ಬರುತ್ತದೆ, ಇನ್ನೊಂದಕ್ಕೆ ನಿಲ್ಲುತ್ತದೆ. ಅಂಥ ವಾಲ್ವ್‌ಗಳು ಮುನ್ನೂರ ಹನ್ನೆರಡು. ಅದರಲ್ಲಿ ಅರ್ಧ ನಕ್ಷೆಯಲ್ಲೇ ಇಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ಕೆಲವು ಕಣ್ಣಿಗೂ ಕಾಣುವುದಿಲ್ಲ. ಎಲ್ಲವೂ ಇದ್ದದ್ದು ಭಾವನ ತಲೆಯಲ್ಲಿ. ಅದೇ ಕಚೇರಿಯ ನಕ್ಷೆ ವಿಭಾಗದಲ್ಲಿ ಕೂತು ಸಂಬಳ ತೆಗೆದುಕೊಳ್ಳುವ ನನಗೆ ಇದು ಅವಮಾನದ ವಿಷಯವಾಗಿತ್ತು, ಅವರಿಗೆ ಹೆಮ್ಮೆಯ ವಿಷಯ.

ಆ ಹೆಮ್ಮೆಗೆ ಬೆಲೆ ತೆತ್ತವಳು ನನ್ನ ಅಕ್ಕ. ಅವರ ಮದುವೆಯ ಗುಂಪು ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ. ಮಧ್ಯದಲ್ಲಿ ಅಕ್ಕ, ಎಡಕ್ಕೆ ನಮ್ಮಪ್ಪ, ಬಲಕ್ಕೆ ಖಾಲಿ ಕುರ್ಚಿ. ಎಲ್ಲೋ ಕೊಳವೆ ಒಡೆದು ಮದುಮಗ ಗುಂಡಿಗೆ ಇಳಿದಿದ್ದರು. ಮಗಳು ಹುಟ್ಟಿದಾಗಲೂ ಗುಂಡಿ, ಅವಳ ಶಾಲೆಯ ವಾರ್ಷಿಕೋತ್ಸವಕ್ಕೂ ಗುಂಡಿ. ಮೂವತ್ತೊಂದು ವರ್ಷದಲ್ಲಿ ಈ ಮನುಷ್ಯ ಒಂದು ದಿನವೂ ಊರು ಬಿಟ್ಟು ಹೋದದ್ದಿಲ್ಲ. "ನಾನಿಲ್ದಿದ್ರೆ ಊರು ಮುಳುಗಿಹೋಗುತ್ತೆ" ಅನ್ನುತ್ತಿದ್ದರು. "ತನ್ನ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂದ್ಕೊಂಡಿದ್ಲಂತೆ ಒಬ್ಬಳು ಅಜ್ಜಿ. ನಮ್ಮನೇಲಿ ಅಜ್ಜ ಇದ್ದಾರೆ" ಎಂದು ಅಕ್ಕ ಮೂತಿ ತಿರುವುತ್ತಿದ್ದಳು.

ಮಗಳು ಬೆಳೆದು ರೈಲಿನ ಚಾಲಕಿಯಾಗಲು ಹೊರಟಳು. ಎರಡು ವರ್ಷ ತರಬೇತಿ ಮುಗಿಸಿ ಮನೆಗೆ ಬಂದವಳು ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಹೇಳಿದಳು:

"ಅಪ್ಪಾ, ಇನ್ನೆರಡು ತಿಂಗಳಿಗೆ ಮೊದಲ್ನೇ ಸಲ ನಾನೇ ಗಾಡಿ ಓಡಿಸ್ತೀನಿ. ಬೆಳಿಗ್ಗೆ ಏಳಕ್ಕೆ ಹೊರಡೋದು, ಒಂದು ಗಂಟೆಗೆ ಕೊನೇ ನಿಲ್ದಾಣ. ಎಂಜಿನ್ ಹಿಂದಿನ ಮೊದಲ್ನೇ ಡಬ್ಬೀಲಿ ನೀನು ಇರ್ಬೇಕು."

ಭಾವ ಚಹದ ಲೋಟ ಕೆಳಗಿಟ್ಟು, "ನೋಡೋಣ" ಅಂದರು.

ಆ ಹುಡುಗಿ ಲೋಟ ಎತ್ತಿಕೊಂಡು ತೊಳೆಯಲು ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುವುದು, ಅದಕ್ಕೆ ನಾಚಿಕೆ ಪಟ್ಟುಕೊಂಡವಳೂ ಅಲ್ಲ.

"ನೋಡೋಣ ಅಂದ್ರೆ ಈ ಮನೇಲಿ ಇಲ್ಲ ಅಂತ ಅರ್ಥ, ಅವಳಿಗೂ ಗೊತ್ತು" ಅಂದೆ. "ಭಾವ, ಎರಡು ತಿಂಗಳಿದೆ. ನಿಮ್ಮ ತಲೇಲಿರೋದನ್ನೆಲ್ಲ ಹೊರಗೆ ತೆಗೀರಿ. ಎಲ್ಲರೂ ನೋಡೋ ಹಾಗೆ ಕ್ಲೌಡ್‌ನಲ್ಲಿ ಒಂದು ಫೋಲ್ಡರ್ ಮಾಡ್ಕೊಡ್ತೀನಿ."

"ಮೂವತ್ತು ವರ್ಷದ ವಿದ್ಯೆ. ಅದನ್ನ ಕಂಡಕಂಡೋರಿಗೆ ಹಂಚ್ಬಿಟ್ರೆ ಆಮೇಲೆ ನನ್ನನ್ನ ಯಾರು ಕೇಳ್ತಾರೆ?"

ನಗುತ್ತಲೇ ಹೇಳಿದರು. ಆದರೆ ಮಾತು ನಿಜವಾದದ್ದು, ಭಯವೂ ನಿಜವಾದದ್ದು. ನನ್ನ ಕೋಪ ಸ್ವಲ್ಪ ಇಳಿಯಿತು.

"ನಿಮ್ಮ ಮಗಳು ಕೇಳ್ತಾ ಇದ್ದಾಳಲ್ಲ" ಅಂದೆ. ಮರುದಿನ ಬೆಳಿಗ್ಗೆ ಒಂದನೇ ವಾಲ್ವ್‌ನ ಫೋಟೊ ಬಂತು.

ಒಂದೊಂದು ವಾಲ್ವ್‌ಗೂ ಒಂದೊಂದು ಫೋಲ್ಡರ್. ಒಳಗೆ ಮುಚ್ಚಳದ ಫೋಟೊ, ಜಾಗದ ಗುರುತು, ಮತ್ತೆ ಭಾವನ ಧ್ವನಿ. ಬರೆಯುವುದೆಂದರೆ ಅವರಿಗೆ ಆಗದು, ಮಾತಾಡಲು ಕೂತರೆ ನಿಲ್ಲಿಸುವುದು ಆಗದು. ಅವರು ಊರಾಚೆಯ ಗುಂಡಿಯಲ್ಲಿ ನಿಂತು ಫೋಟೊ ತೆಗೆದರೆ, ನನ್ನ ಮೇಜಿನ ಮೇಲಿನ ಚಹ ಆರುವುದರೊಳಗೆ ಅದು ನನ್ನ ಪರದೆಯ ಮೇಲಿರುತ್ತಿತ್ತು. ಅದೇ ಕ್ಷಣಕ್ಕೆ ಎಂಜಿನಿಯರ್ ಮೇಡಂ ಕೋಣೆಯಲ್ಲೂ, ಇನ್ನೊಬ್ಬ ವಾಲ್ವ್‌ಮನ್‌ನ ಫೋನಿನಲ್ಲೂ ಇರುತ್ತಿತ್ತು. ಇವನನ್ನು ನಾವೆಲ್ಲ ಅವಸರಪ್ಪ ಅನ್ನುತ್ತೇವೆ. ಐವತ್ತು ದಾಟಿದರೂ ನಡೆಯಲು ಕಲಿತಿಲ್ಲ, ಓಡುವುದೊಂದೇ ಗೊತ್ತು. ಮುಚ್ಚಳ ಎತ್ತುವ ಮೊದಲೇ ಕೀಲಿ ಹಾಕುವ ಜಾತಿ.

ಮೊದಲ ವಾರ ದೊಡ್ಡ ತಮಾಷೆ. "ನಲವತ್ತೊಂದು. ನಾಯಿ ಕಚ್ಚಿದ ಜಾಗದಿಂದ ಆರು ಹೆಜ್ಜೆ" ಎಂದಿತ್ತು ಭಾವನ ಧ್ವನಿ. ಅದರ ಕೆಳಗೆ ಅವಸರಪ್ಪ ಬರೆದ: "ಯಾವ ನಾಯಿ? ಯಾರಿಗೆ ಕಚ್ಚಿತ್ತು?" ನಾಯಿ ಸತ್ತು ಹದಿನೆಂಟು ವರ್ಷವಾಗಿತ್ತು. ಮೇಡಂ ಬರೆದರು: "ಹೆಜ್ಜೆ ಬೇಡ, ಮೀಟರ್‌ನಲ್ಲಿ ಹೇಳಿ." ಇನ್ನೊಂದು ಕಡೆ ಭಾವ ಕ್ಷೌರದಂಗಡಿಯ ಬಾಗಿಲು ಅಂದರೆ, ಅಲ್ಲೀಗ ಚಪ್ಪಲಿ ಅಂಗಡಿ. ಈಗ ಎಲ್ಲೂ ಉಳಿದಿಲ್ಲದ ಊರೊಂದರ ವಿಳಾಸಗಳನ್ನು ಅವರು ಹೇಳುತ್ತಿದ್ದರು. ಗೊಣಗುತ್ತಲೇ ಅಳತೆಪಟ್ಟಿ ಹಿಡಿದು ಮತ್ತೆ ಹೋದರು. ತಿದ್ದಿದ್ದು ಒಂದು ಕಡೆ, ಸರಿಯಾದದ್ದು ಎಲ್ಲರ ಕಡೆ. ಕಾಗದದ ನಕ್ಷೆಯ ಒಂಬತ್ತು ಪ್ರತಿಗಳಲ್ಲಿ ಒಂದೇ ತಪ್ಪನ್ನು ಒಂಬತ್ತು ಸಲ ಅಳಿಸಿದವಳು ನಾನು. ಈ ಸುಖ ಏನೆಂದು ನನ್ನನ್ನು ಕೇಳಬೇಕು.

ಇನ್ನೂರ ಆರು ಮುಗಿದಿತ್ತು. ಇನ್ನೂರ ಏಳರ ಗುಂಡಿಗೆ ಬಗ್ಗಿದಾಗ ಫೋನು ಜೇಬಿನಿಂದ ಜಾರಿ ನೀರಿಗೆ ಬಿತ್ತು. ಭಾವ ಒದ್ದೆ ಬಟ್ಟೆಯಲ್ಲೇ ನನ್ನ ಮೇಜಿನ ಮುಂದೆ ಬಂದು ನಿಂತರು. ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಮುಖ.

"ಎಲ್ಲಾ ನೀರುಪಾಲು" ಅಂದರು. "ಇನ್ನು ಒಂದರಿಂದ ಶುರು ಮಾಡೋಕೆ ನನ್ನ ಕೈಲಾಗಲ್ಲ. ಮಗಳಿಗೆ ನೀನೇ ಹೇಳ್ಬಿಡು."

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಒಂದರಿಂದ ಇನ್ನೂರ ಆರು, ಒಂದೂ ಕದಲದೆ ಸಾಲಾಗಿ ಕೂತಿದ್ದವು. ಅವರಿಗೆ ನಂಬಿಕೆ ಬರಲಿಲ್ಲ. ಅಕ್ಕನ ಹಳೆಯ ಫೋನು ತರಿಸಿ, ಅವರ ಹೆಸರಿನ ಖಾತೆ ತೆರೆದು ಕೈಗೆ ಕೊಟ್ಟೆ. ಅದರಲ್ಲೂ ಅಷ್ಟೂ ಬಂದವು. ಒಂದನ್ನು ಒತ್ತಿ ತಮ್ಮ ಧ್ವನಿ ತಾವೇ ಕೇಳಿದರು.

"ಫೋನು ಸತ್ರೂ ನಾನು ಬದುಕಿದೀನಲ್ಲೇ!" ಅಂದರು. ಜೊತೆಗೆ, "ನನ್ನ ಧ್ವನಿ ಇಷ್ಟೊಂದು ಕರ್ಕಶಾನಾ?"

ಅವತ್ತಿನಿಂದ ಅವರಷ್ಟು ಶ್ರದ್ಧೆಯವರು ಕಚೇರಿಯಲ್ಲಿ ಇನ್ನೊಬ್ಬರಿಲ್ಲ. ಎಂಬತ್ತೆಂಟನೆಯದನ್ನಂತೂ ತಾವೇ ಅಳಿಸಿ ನಾಲ್ಕು ಸಲ ಹೇಳಿದರು. ಅದು ಆಸ್ಪತ್ರೆ ರಸ್ತೆಯ ದೊಡ್ಡ ಕೊಳವೆಯ ವಾಲ್ವ್, ಅಜ್ಜನ ಕಾಲದ್ದು. ಉಳಿದವೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಇದೊಂದು ಎಡಕ್ಕೆ. ಗೊತ್ತಿಲ್ಲದೆ ಬಲಕ್ಕೆ ಒತ್ತಿ ತಿರುಗಿಸಿದರೆ ಒಳಗಿನ ದಂಡ ಮುರಿದು, ಆಸ್ಪತ್ರೆಯೂ ಸೇರಿ ಅರ್ಧ ಊರಿಗೆ ವಾರಗಟ್ಟಲೆ ನೀರಿರುವುದಿಲ್ಲ.

ಆ ದಿನ ಬಂತು. ಎರಡು ದಿನದ ರಜೆಯ ಅರ್ಜಿಯನ್ನು ಭಾವನಿಂದ, ಮಗುವಿನ ಕೈ ಹಿಡಿದು ಅಕ್ಷರ ಬರೆಸುವಷ್ಟೇ ಕಷ್ಟಪಟ್ಟು ಬರೆಸಿದ್ದೆ. ಭಾವ, ಅಕ್ಕ, ನಾನು ಮೊದಲ ಡಬ್ಬಿಯಲ್ಲಿ ಕೂತೆವು. ಸಮವಸ್ತ್ರದ ಮಗಳು ಎಂಜಿನ್ ಹತ್ತುವಾಗ ನಮ್ಮ ಕಡೆ ಒಂದು ಸಲ ಕೈ ಎತ್ತಿದಳು, ಅಷ್ಟೇ. ಗಾಡಿ ಅಲುಗಾಡದೆ ಹೊರಟಾಗ ಭಾವ ಪಕ್ಕದ ಅಪರಿಚಿತರಿಗೆಲ್ಲ ಹೇಳಿದರು: "ಓಡಿಸ್ತಿರೋದು ನನ್ನ ಮಗಳು." ಆಚೆ ಸಾಲಿನ ಮುದುಕರೊಬ್ಬರಿಗೆ ಎರಡು ಸಲ ಹೇಳಿದರು.

ಒಂಬತ್ತು ಇಪ್ಪತ್ತಕ್ಕೆ ಅವಸರಪ್ಪನ ಸಂದೇಶ ಬಂತು. "ಆಸ್ಪತ್ರೆ ರಸ್ತೆ ಮೇನ್ ಒಡೆದಿದೆ. ಎಂಬತ್ತೆಂಟು ಮುಚ್ಚೋಕೆ ಹೋಗ್ತಿದೀನಿ. ಫೋನ್ ಎತ್ತಿ." ಭಾವ ನಂಬರ್ ಒತ್ತುವಷ್ಟರಲ್ಲಿ ಗಾಡಿ ಗುಡ್ಡಗಳ ನಡುವೆ ನುಗ್ಗಿತು. ಫೋನಿನ ಸಿಗ್ನಲ್ ಹೋಯಿತು.

"ಬಲಕ್ಕೆ ತಿರುಗಿಸ್ತಾನೆ" ಎಂದರು ಭಾವ ಎದ್ದು ನಿಂತು. "ಖಂಡಿತ ಬಲಕ್ಕೇ ತಿರುಗಿಸ್ತಾನೆ."

"ಎಲ್ಲಾ ಫೋಲ್ಡರ್‌ನಲ್ಲಿದೆ ಭಾವ."

"ಇದೆ ಕಣಮ್ಮ, ಇಲ್ಲ ಅಂದೋರ್ಯಾರು? ಆ ಪುಣ್ಯಾತ್ಮ ನಿಂತು ನೋಡ್ಬೇಕಲ್ಲ!"

ಮುಂದಿನ ನಿಲ್ದಾಣಕ್ಕೆ ಇನ್ನೂ ಮೂವತ್ತೈದು ನಿಮಿಷ, ಅಲ್ಲಿ ಎರಡು ನಿಮಿಷದ ನಿಲುಗಡೆ, ಅಲ್ಲಿಂದ ವಾಪಸು ಬಸ್ಸು ಸಿಗುತ್ತದೆ. ಭಾವ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ಹೋಗಿ ನಿಂತರು. ಅಕ್ಕ ತಡೆಯಲಿಲ್ಲ.

"ಹೋಗೋದಾದ್ರೆ ಹೋಗಿ. ಅವಳಿಗೆ ನಾನೇನು ಹೇಳ್ಲಿ, ಅದನ್ನ ಹೇಳಿ ಹೋಗಿ" ಅಂದಳು.

ಭಾವ ಬಾಗಿಲಿನ ಕಂಬಿ ಹಿಡಿದುಕೊಂಡರು. ಗಾಡಿ ನಿಂತಿತು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಪ್ಲಾಟ್‌ಫಾರಂ ಮೇಲೆ. ಆಗ ಅವರ ಜೇಬಿನಲ್ಲಿ ಫೋನು ಒಂದರ ಹಿಂದೊಂದು ಸದ್ದು ಮಾಡಿತು. ಅವರಿಗೆ ತೆಗೆದು ನೋಡುವ ಧೈರ್ಯವಾಗಲಿಲ್ಲ. ನಾನೇ ಕೈಹಾಕಿ ಕಿತ್ತುಕೊಂಡೆ.

ಎಂಬತ್ತೆಂಟನೇ ಫೋಲ್ಡರ್‌ನಲ್ಲಿ ಹೊಸದೊಂದು ಧ್ವನಿ ಇತ್ತು. ಒತ್ತಿದೆ. ನೀರಿನ ಭೋರ್ಗರೆತ, ಗುಂಡಿಯ ಪ್ರತಿಧ್ವನಿ, ಅದರ ನಡುವೆ ಬೇರೊಂದು ಫೋನಿನಿಂದ ಕೇಳುತ್ತಿದ್ದ ಭಾವನದೇ ಕರ್ಕಶ ಧ್ವನಿ: "ಎಡಕ್ಕೆ. ಬಲಕ್ಕಲ್ಲ, ಎಡಕ್ಕೆ. ಹನ್ನೊಂದನೇ ಸುತ್ತಿಗೆ ಬಿಗಿಯಾಗುತ್ತೆ, ಹೆದರ್ಬೇಡಿ. ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಹಿಡೀರಿ. ಒಟ್ಟು ಇಪ್ಪತ್ತೆರಡೂವರೆ." ಆಮೇಲೆ ಏದುಸಿರು ಬಿಡುತ್ತಾ ಎಣಿಸುವ ಅವಸರಪ್ಪ, ಎಂದೂ ಇಲ್ಲದಷ್ಟು ನಿಧಾನವಾಗಿ: "ಇಪ್ಪತ್ತು... ಇಪ್ಪತ್ತೊಂದು... ಇಪ್ಪತ್ತೆರಡು... ಅರ್ಧ. ನಿಂತೋಯ್ತು! ಗುರುಗಳೇ, ನೀರು ನಿಂತೋಯ್ತು!" ಕೆಳಗೆ ಮೇಡಂ ಬರೆದಿದ್ದರು: "ಇವರಿಗೆ ನಿಮ್ಮ ಮಾತು ಮೂರು ಸಲ ಕೇಳಿಸಿಯೇ ಕೀಲಿ ಕೊಟ್ಟೆ. ನೀವು ಆರಾಮಾಗಿ ಹೋಗಿ ಬನ್ನಿ."

ಭಾವ ಕಣ್ಣು ಮುಚ್ಚಿ ಅಲ್ಲೇ ನಿಂತುಬಿಟ್ಟರು. ಹಾರ್ನ್ ಆಯಿತು. ಅಕ್ಕ ಅವರ ಚೀಲ ಹಿಡಿದು ಎಳೆದಳು, ಚೀಲದ ಜೊತೆ ಭಾವನೂ ಒಳಗೆ ಬಂದರು. ಸೀಟಿಗೆ ಕುಸಿದು ಮಕ್ಕಳ ಹಾಗೆ ನಗುತ್ತಾ ಅತ್ತರು.

"ಅರ್ಧ ಸುತ್ತೂ ಬಿಡ್ಲಿಲ್ಲ ನೋಡ್ರೇ ಅವನು" ಅಂದರು.

ಅಲ್ಲಿಂದ ಮುಂದೆ ನಿಲುಗಡೆ ಇರಲಿಲ್ಲ. ಒಂದು ಗಂಟೆಗೆ ಎರಡು ನಿಮಿಷ ಮೊದಲೇ ಕೊನೆಯ ನಿಲ್ದಾಣ ಬಂತು. ಡಬ್ಬಿಯಿಂದ ಮೊದಲು ಇಳಿದವರು ಭಾವ. ಮಗಳು ಎಂಜಿನ್‌ನ ಕಿಟಕಿಯಿಂದ ನಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಕೆಲಸದ ಕಾಗದಕ್ಕೆ ಸಹಿ ಹಾಕಿ ಇಳಿದು ಬಂದಳು. ಮೊದಲು ನಡೆದಳು, ಆಮೇಲೆ ಓಡಿದಳು.

"ಆ ನಿಲ್ದಾಣದಲ್ಲಿ ಹಿಂದೆ ತಿರುಗಿ ನೋಡ್ದೆ" ಅಂದಳು. "ಚೀಲ ಹಾಕ್ಕೊಂಡು ಕೆಳಗೆ ಕಾಲಿಟ್ಟಿದ್ದೆ ನೀನು. ಗಾಡಿಗೆ ಸಿಗ್ನಲ್ ಬಿದ್ದಿತ್ತು, ಹೊರಡ್ಲೇಬೇಕಿತ್ತು. ಫೋನ್ ಮುಟ್ಟೋ ಹಾಗಿಲ್ಲ. ಮೂರು ಗಂಟೆ ಹೊತ್ತು, ನೀನು ಹಿಂದೆ ಇದ್ದೀಯೋ ಇಲ್ವೋ ಗೊತ್ತಿಲ್ದೇ ಓಡಿಸ್ದೆ ಅಪ್ಪಾ."

ಭಾವ ಸುಳ್ಳು ಹೇಳಲಿಲ್ಲ.

"ಇಳಿಯೋಕೇ ಹೊರಟಿದ್ದೆ" ಅಂದರು. "ಅಷ್ಟರಲ್ಲಿ ನಾನಿಲ್ದೇನೇ ನೀರು ನಿಂತೋಯ್ತು ಕಣೆ."

"ಬೇಜಾರಾಯ್ತಾ?"

"ಒಂದು ನಿಮಿಷ ಆಯ್ತು" ಎಂದು ಅವಳ ಟೋಪಿ ಸರಿ ಮಾಡಿದರು. "ನಾಳೆ ವಾಪಸ್ ಗಾಡೀನೂ ನಿಂದೇನಾ?"

"ಇಲ್ಲಪ್ಪ, ನಾಳೆ ನಂಗೆ ವಿಶ್ರಾಂತಿ. ನಾಳಿದ್ದು ಬೆಳಿಗ್ಗೆದು ನಂದು. ನಿಮ್ಮ ಮೂರು ಟಿಕೆಟ್ ನಾಳೆಗೇ ಇದೆ."

ಭಾವ ಫೋನು ತೆಗೆದರು. ನಾವು ಮೂವರೂ ಉಸಿರು ಹಿಡಿದೆವು. ಅವರು ಅವಸರಪ್ಪನಿಗೆ ಫೋನು ಮಾಡಿ, ಇನ್ನೂ ಒಂದು ದಿನ ನೋಡಿಕೊಳ್ಳಬೇಕು ಅಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಆ ಟಿಕೆಟ್ ಬದಲಾಯಿಸಮ್ಮ. ನಾಳಿದ್ದೇ ಹೋಗೋಣ."