ಆಟೋಗಿಂತ ಮೊದಲು ನೀರು

ಆ ಮಾತನ್ನು ಅಂದು ಸಭೆಯಲ್ಲಿ ಆಡಿದವರು ಯಾರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನಾನು ಅಲ್ಲೇ ಇದ್ದೆ. ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎಲ್ಲವೂ ಕಾಣುವ ಜಾಗದಲ್ಲಿ ಕೂತಿದ್ದೆ. ಆದರೂ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅದನ್ನು ಆಡಿದ್ದು ನಮ್ಮ ಚಿಗವ್ವ. ಆದರೆ ಅದೇ ನೆನಪಿನಲ್ಲಿ ಚಿಗವ್ವ ಹಸಿರು ಸೀರೆ ಉಟ್ಟಿದ್ದಾಳೆ, ಮತ್ತು ತನ್ನ ಹತ್ತಿರ ಹಸಿರು ಸೀರೆಯೇ ಇಲ್ಲವೆಂದು ಆಕೆ ಹೇಳುತ್ತಾಳೆ. ಸೀರೆಯನ್ನೇ ತಪ್ಪಾಗಿ ನೆನಪಿಟ್ಟುಕೊಂಡವನು ಮಾತನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದಾನೆಂದು ಹೇಗೆ ನಂಬುವುದು?

ಅನುಮಾನವಿಲ್ಲದ ಕಡೆಯಿಂದ ಶುರು ಮಾಡುತ್ತೇನೆ. ಚಿಗವ್ವ ನನ್ನ ತಾಯಿಯ ತಂಗಿ. ಗಡಿಯಾಚೆ, ತೆಲುಗು ನಾಡಿನ ಆದೋನಿಯಿಂದ ಆಲೂರಿಗೆ ಹೋಗುವ ಬಸ್ಸಿನಲ್ಲಿ ಕೂತು, ನಡುವೆ ಇಳಿದು, ಹತ್ತಿ ಹೊಲಗಳ ಬದುವಿನ ಮೇಲೆ ಒಂದಿಷ್ಟು ನಡೆದರೆ ಆಕೆಯ ಊರು. ಊರಲ್ಲಿರುವುದು ಎರಡು ಓಣಿ. ಮೇಲಿನ ಓಣಿಯಲ್ಲಿ ಅಂಗಡಿಯವರು, ನೌಕರಿಯವರು ಮತ್ತು ಸರ್ಪಂಚರ ಮನೆ. ಕೆಳಗಿನ ಓಣಿಯಲ್ಲಿ ಕುರಿ ಸಾಕುವವರು ಮತ್ತು ಕೂಲಿಗೆ ಹೋಗುವವರು. ಚಿಗವ್ವನ ಗಂಡ ವರ್ಷದ ಹೆಚ್ಚು ಭಾಗ ಕುರಿಗಳ ಜೊತೆ ಮಾಧವರಂ ಕಡೆ, ಹೊಳೆಯ ದಂಡೆಯಲ್ಲಿರುತ್ತಾನೆ. ಚಿಗವ್ವ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಾಳೆ. ಹೊತ್ತೇರುವ ಮುಂಚೆ ಬೇವಿನ ಮರದ ಹತ್ತಿರ ಒಂದು ಆಟೋ ಬಂದು ಹಾರ್ನ್ ಹಾಕುತ್ತದೆ. ಓಣಿಯ ಹೆಂಗಸರೆಲ್ಲ ಬುತ್ತಿ ಹಿಡಿದು ಅದರೊಳಗೆ ಹೇಗೋ ತೂರಿಕೊಳ್ಳುತ್ತಾರೆ.

ತೊಂದರೆ ನೀರಿನದು, ಆದರೆ ನೀರಿನ ಕೊರತೆಯದಲ್ಲ. ಊರಿಗೆ ಟ್ಯಾಂಕಿತ್ತು, ಮನೆಮನೆಯ ಮುಂದೆ ನಳವಿತ್ತು, ನಳದಲ್ಲಿ ದಿನಾ ನೀರೂ ಬರುತ್ತಿತ್ತು. ಮೊದಲು ಮೇಲಿನ ಓಣಿಗೆ, ಅವರದು ಮುಗಿದ ಮೇಲೆ ಕೆಳಗಿನ ಓಣಿಗೆ. ಕೆಳಗಿನ ಓಣಿಗೆ ನೀರು ಬರುವ ಹೊತ್ತಿಗೆ ಓಣಿಗೆ ಓಣಿಯೇ ಹೊಲದಲ್ಲಿರುತ್ತಿತ್ತು. ನಳಗಳು ಬೀಗ ಹಾಕಿದ ಮನೆಗಳ ಮುಂದೆ ಸುರಿದು, ಎಮ್ಮೆಗಳಿಗೆ ಒಳ್ಳೆಯ ಕೆಸರು ಮಾಡಿಕೊಟ್ಟು ನಿಂತುಹೋಗುತ್ತಿದ್ದವು. ಸಂಜೆ ದಣಿದು ಬಂದವರು ಊರ ಹೊರಗಿನ ಬೋರಿಂಗಿಗೆ ಕೊಡ ತೆಗೆದುಕೊಂಡು ಹೋಗಿ, ಕೈಯಲ್ಲಿ ಒತ್ತಿ ನೀರು ತುಂಬಿ, ಹೊತ್ತು ತರಬೇಕಿತ್ತು. ಚಿಗವ್ವನ ಮೊಣಕಾಲು ಬಾತಿತ್ತು. ಆದೋನಿಯ ಡಾಕ್ಟರು ಇನ್ನು ಭಾರ ಹೊರಬಾರದು ಎಂದಿದ್ದರು.

"ಮೊಣಕಾಲ ಉಳಿಸ್ಕೋಬೇಕಂದ್ರ ಮನ್ಯಾಗ ಕುಂತು ನೀರು ಹಿಡೀಬೇಕು. ಕೂಲಿ ಉಳಿಸ್ಕೋಬೇಕಂದ್ರ ಮೊಣಕಾಲ ಬಿಡಬೇಕು," ಎಂದಳು. "ಎರಡೂ ನನಗ ಬೇಕಾಗ್ಯಾವ."

ನಿಜ ಹೇಳಬೇಕೆಂದರೆ ಆಕೆಗೆ ಬೇಕಾಗಿದ್ದದ್ದು ಆಟೋ. ಊರಿನ ಸುದ್ದಿಯೆಲ್ಲ ಅದರೊಳಗೇ ಹುಟ್ಟುತ್ತಿತ್ತು. ಒಂದು ದಿನ ಹೋಗದಿದ್ದರೆ ಮಾರನೆಯ ದಿನ ಆಕೆಗೆ ಯಾವ ಮಾತೂ ಬುಡಸಮೇತ ತಿಳಿಯುತ್ತಿರಲಿಲ್ಲ. ಇನ್ನು ಮುಂದೆ ಮನೆಯಲ್ಲಿ ಕೂತು ನಳ ಕಾಯುವುದೆಂದರೆ ಆಕೆಗೆ ಜೈಲು.

"ಈ ಸಲ ಗ್ರಾಮಸಭಾದಾಗ ಹೇಳಾಕಿ ನಾನು," ಎಂದು ಆಕೆ ಘೋಷಿಸಿದಾಗ ನಾನು ಒಗ್ಗಾಣಿ ತಿನ್ನುತ್ತಿದ್ದೆ. ಮಂಡಕ್ಕಿ ಒಗ್ಗಾಣಿಯ ಜೊತೆ ಮಿರ್ಚಿಯೂ ಇತ್ತು. ಅದಂತೂ ಖಚಿತ.

ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಸ್ಥಳೀಯ ಆಡಳಿತ. ಜನರ ಪಾಲ್ಗೊಳ್ಳುವಿಕೆ ಎಂಬ ಮಾತನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೇನೆಂದರೆ, ಈಗ ಅದನ್ನು ಕೇಳಿದರೆ ಕೈಬೆರಳು ನೋಯುತ್ತದೆ. "ಹೇಳು," ಎಂದೆ. "ಅವ್ರು ಕೇಳ್ತಾರ, ಚಾ ಕುಡೀತಾರ, ಫೋಟೋ ತಕ್ಕೊಂತಾರ, ಹೋಗ್ತಾರ."

"ಅಷ್ಟು ವರ್ಷ ಇದನ್ನ ಓದಿದಿಯೇನ?"

"ಹ್ಞೂಂ, ಇದನ್ನ."

"ಚಲೋ ಆತು ನಾ ಓದ್ಲಿಲ್ಲ. ಇಷ್ಟೊತ್ತಿಗೆ ನಿನ್ನಂಗ ಮೂಗು ಮುರ್ಕೊಂತ ಕುಂತಿರ್ತಿದ್ದೆ."

ಗ್ರಾಮಸಭೆ ಯಾವಾಗಲೂ ನಡೆಯುತ್ತಿದ್ದದ್ದು ಮೇಲಿನ ಓಣಿಯ ಗ್ರಾಮ ಸಚಿವಾಲಯದ, ಅಂದರೆ ಪಂಚಾಯಿತಿ ಕಚೇರಿಯ ಮುಂದೆ. ಅಲ್ಲಿ ಕೆಳಗಿನ ಓಣಿಯ ಹೆಂಗಸರು ಗೋಡೆಗೆ ಒರಗಿ ನಿಂತು, ಸೆರಗು ಬಾಯಿಗೆ ಹಿಡಿದು, ಮುಗಿದ ಮೇಲೆ ವಾಪಸಾಗುತ್ತಿದ್ದರು. ಈ ಸಲ ಚಿಗವ್ವ ಸರ್ಪಂಚರನ್ನು ದಾರಿಯಲ್ಲಿ ನಿಲ್ಲಿಸಿ, ಸಭೆ ತಮ್ಮ ಓಣಿಯಲ್ಲೇ ಆಗಬೇಕೆಂದು ಹಟ ಹಿಡಿದಳು. ಸರ್ಪಂಚರು ಜಗಳವೆಂದರೆ ಮಾರು ದೂರ ಸರಿಯುವ ಮನುಷ್ಯ.

"ಆತಬೇ, ಬೇವಿನ ಗಿಡದ ಕೆಳಗ ಮಾಡೋಣಂತ," ಎಂದರು. "ಆದ್ರ ಮಂಡಲ ಆಫೀಸಿಂದ ಅಧಿಕಾರಿ ಬರ್ತಾರ. ಊರ ಮರ್ಯಾದಿ ಕಳೀಬ್ಯಾಡ್ರಿ."

ಆ ಕೊನೆಯ ಮಾತೇ ಕೆಲಸ ಕೆಡಿಸಿದ್ದು. ನಮ್ಮ ಕಡೆ ಮನೆಗೆ ಯಾರಾದರೂ ಬರುತ್ತಾರೆಂದರೆ ಅಂಗಳಕ್ಕೆ ನೀರು ಚಿಮುಕಿಸಬೇಕು, ರಂಗೋಲಿ ಹಾಕಬೇಕು, ಬಂದವರು ಕೂರುವ ಮೊದಲೇ ಕೈಗೆ ತುಂಬಿದ ಚೊಂಬು ಕೊಡಬೇಕು. ಒಣಗಿದ ಅಂಗಳದಲ್ಲಿ ಅತಿಥಿಯನ್ನು ಕೂರಿಸುವುದಕ್ಕಿಂತ ಓಣಿ ಬಿಟ್ಟು ಹೋಗುವುದೇ ಮೇಲು ಎಂಬ ಹಾಗೆ. ಈಗ ಬರುವವರು ಇಡೀ ಓಣಿಯ ಅತಿಥಿ. ಹಾಗಾಗಿ ಹಿಂದಿನ ಸಂಜೆಯಿಂದಲೇ ಬೋರಿಂಗಿನಿಂದ ನೀರು ಹೊರುವುದು ಶುರುವಾಯಿತು. ಎಲ್ಲರಿಗಿಂತ ಜೋರಾಗಿ ಕೂಗಿ ಕೆಲಸ ಹೇಳುತ್ತಿದ್ದವಳು ಚಿಗವ್ವ.

"ಅಲ್ಲಿ ಇನ್ನಾ ಧೂಳೈತಿ, ಇನ್ನೊಂದು ಕೊಡ ಸುರೀರಿ. ಮೇಲಿನ ಓಣಿಯವ್ರು ನೋಡಿ ನಗಬಾರ್ದು."

ಎದುರುಮನೆಯಾಕೆ ತನ್ನ ಹಿತ್ತಾಳೆ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಬಾಯ್ತುಂಬ ನೀರು ತುಂಬಿ, ಮರದ ಸುತ್ತ ಸಾಲಾಗಿ ಇಟ್ಟಳು. ನಾನೂ ಕೊಡ ಹೊತ್ತೆ. ಚಿಗವ್ವನ ಮೊಣಕಾಲಿಗೆ ರಜೆ ಕೊಡಿಸುವುದು ನನ್ನ ಉದ್ದೇಶವಾಗಿತ್ತು. ನಾವು ಮಾಡುತ್ತಿರುವುದು ಎಂಥ ಎಡವಟ್ಟು ಎಂದು ಆಗಲೇ ನನಗೆ ಹೊಳೆದಿತ್ತು ಎಂದು ಗೆಳೆಯರ ಮುಂದೆ ಹೇಳಿಕೊಂಡಿದ್ದೇನೆ. ಅದು ನಿಜವೋ, ಆಮೇಲೆ ಸೇರಿಸಿಕೊಂಡದ್ದೋ, ಹೇಳಲಾರೆ. ಹೊಳೆದಿದ್ದರೆ ಕೊಡ ಹೊತ್ತದ್ದು ಯಾಕೆ?

ಅಧಿಕಾರಿ ಬಂದರು. ಕರಾವಳಿಯ ಕಡೆಯಿಂದ ವರ್ಗವಾಗಿ ಬಂದವರು, ನಯವಾದ ತೆಲುಗು ಮಾತನಾಡುವವರು, ಕನ್ನಡ ಬಾರದವರು. ಜೀಪಿನಿಂದ ಇಳಿದವರೇ ತಣ್ಣಗೆ ಒದ್ದೆಯಾದ ಓಣಿಯನ್ನು, ರಂಗೋಲಿಯನ್ನು, ಮಿರಿಮಿರಿ ಹೊಳೆಯುವ ತುಂಬಿದ ಕೊಡಗಳನ್ನು ನೋಡಿ ಮೆಚ್ಚಿ ತಲೆದೂಗಿದರು. ಚೊಂಬಿನ ನೀರು ಕುಡಿದರು. ಒಂದು ಮೇಕೆ ಬಂದು ಸಾಲಿನ ಕೊನೆಯ ಕೊಡಕ್ಕೆ ಬಾಯಿ ಹಾಕಿದ್ದೂ ನೆನಪಿದೆ, ಆದರೆ ಅದು ಬೇರೆ ದಿನದ ಮೇಕೆಯೂ ಇರಬಹುದು.

ರಸ್ತೆ, ದೀಪ, ಪಿಂಚಣಿ ಎಲ್ಲ ಆಯಿತು. ಆಮೇಲೆ ಅವರು ಕೇಳಿದರು: "ನೀಟಿ ಸಮಸ್ಯ ಏಮನ್ನಾ ಉಂದಾ?" ನೀರಿನ ಸಮಸ್ಯೆ ಏನಾದರೂ ಇದೆಯೇ ಎಂದು.

"ಏಮೀ ಲೇದು ಸಾರ್, ಅಂತಾ ಬಾಗುಂದಿ," ಎಂದಿತು ಓಣಿ, ಒಂದೇ ದನಿಯಲ್ಲಿ. ಏನೂ ಇಲ್ಲ, ಎಲ್ಲ ಚೆನ್ನಾಗಿದೆ.

ನಾನು ಚಿಗವ್ವನ ಕಡೆ ನೋಡಿದೆ. ಆಕೆ ಎದ್ದು ನಿಂತಳು. ಮಾತು ಬರುತ್ತದೆ ಎಂದುಕೊಂಡೆ. ಬಂದದ್ದು ತೆಲುಗು, ಅದೂ ಶಾಲೆಯ ತೆಲುಗು: ಎಲ್ಲ ಚೆನ್ನಾಗಿಯೇ ಇದೆ ಸಾರ್, ಸ್ವಲ್ಪ ನೀರು ಬಿಡುವ ಹೊತ್ತಿನದೊಂದು, ಅಂಥಾ ದೊಡ್ಡದೇನಲ್ಲ, ತಮಗೆ ತಿಳಿದದ್ದೇ. ಕೂತುಬಿಟ್ಟಳು. ಇದಕ್ಕೆ ನನ್ನದೊಂದು ಸಿದ್ಧಾಂತವಿತ್ತು. ತೆಲುಗನ್ನು ನಮ್ಮವರು ಮೇಷ್ಟರ ಮುಂದೆ ಕೈಕಟ್ಟಿ ನಿಂತು ಕಲಿತವರು, ಆ ಭಾಷೆಯಲ್ಲಿ ದೂರು ಹೇಳಲು ಅವರಿಗೆ ನಾಲಿಗೆ ಏಳುವುದಿಲ್ಲ ಎಂದು. ಆದರೆ ಆದೋನಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳ ಜೊತೆ ಚಿಗವ್ವ ತೆಲುಗಿನಲ್ಲಿ ಆಡುವ ಜಗಳ ನೋಡಿದ ಮೇಲೆ ಆ ಸಿದ್ಧಾಂತವನ್ನು ಕೈಬಿಟ್ಟಿದ್ದೇನೆ. ಬಹುಶಃ ಕಾರಣ ಭಾಷೆಯಲ್ಲ. ನಮ್ಮ ನೀರು ಕುಡಿದವರ ಮುಂದೆ ನಮ್ಮ ಕೊರತೆ ಹೇಳಿಕೊಳ್ಳುವುದು ಹೇಗೆ ಎಂಬ ಸಂಕೋಚ.

ಅಧಿಕಾರಿ ನಕ್ಕರು. ಓಣಿಯೆಲ್ಲ ಇಷ್ಟು ತಂಪಾಗಿದೆ, ಕೊಡಗಳು ತುಂಬಿವೆ, ನೀರಿನ ವಿಷಯದಲ್ಲಿ ನಿಮ್ಮ ಓಣಿ ಬೇರೆ ಊರಿಗೆ ಮಾದರಿ ಎಂದರು. ಪಂಚಾಯಿತಿ ಕಾರ್ಯದರ್ಶಿ ಮುಂದಿನ ವಿಷಯಕ್ಕೆ ಬಾಯಿ ತೆರೆದರು.

ಆ ಮಾತು ಬಂದದ್ದು ಆಗ. ಕನ್ನಡದಲ್ಲಿ ಬಂತು.

"ಈ ನೀರು ನಳದಾಗ ಬಂದಿಲ್ಲರಿ ಸಾರ. ನಮ್ಮ ತಲಿ ಮ್ಯಾಲ ಬಂದೈತಿ. ನಿಮಗ ಕೆಟ್ಟ ಕಾಣಬಾರ್ದು ಅಂತ ನಿನ್ನೆಯಿಂದ ಹೊತ್ತೀವಿ."

ಅಧಿಕಾರಿ ಸರ್ಪಂಚರ ಮುಖ ನೋಡಿದರು. ಸರ್ಪಂಚರು ಗಂಟಲು ಸರಿಮಾಡಿಕೊಂಡು, ನೀರನ್ನು ಸ್ವಲ್ಪ ದೂರದಿಂದ ತರುತ್ತಾರಂತೆ ಸಾರ್, ಎಂದು ತೆಲುಗಿನಲ್ಲಿ ಹೇಳಿದರು.

ಎಲ್ಲರಿಗೂ ಎರಡೂ ಭಾಷೆ ಬರುವ ಊರಿನಲ್ಲಿ ದುಭಾಷಿಯ ಕೆಲಸ ಬಹಳ ಕಷ್ಟದ್ದು.

"ಅಟ್ಲ ಅನಲೇದು, ಹಂಗ ಅಂದಿಲ್ಲ," ಎಂದಿತು ಒಂದು ದನಿ.

"ನಳದಾಗ ಬಂದಿಲ್ಲ ಅಂದಾಳ. ಅದನ್ನ ಹೇಳ್ರಿ."

"ತಲಿ ಮ್ಯಾಲ ಅಂತ ಹೇಳ್ರೀ ಗೌಡ್ರ, ತಲಿ ಬಿಟ್ರಿ ನೀವು."

ಸರ್ಪಂಚರು ಮತ್ತೆ ಹೇಳಬೇಕಾಯಿತು, ತಲೆ ಸಮೇತ. ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ಅಧಿಕಾರಿ ತಮ್ಮ ಕೈಯಲ್ಲಿದ್ದ ಚೊಂಬನ್ನು ಒಮ್ಮೆ ನೋಡಿಕೊಂಡು, ಉಳಿದ ನೀರನ್ನು ಚೆಲ್ಲದೆ ಕುಡಿದು, ಹುಷಾರಾಗಿ ಕೆಳಗಿಟ್ಟರು.

ಅಲ್ಲಿಂದ ಮುಂದೆ ಯಾರಿಗೂ ಸಂಕೋಚ ಉಳಿಯಲಿಲ್ಲ. ಆಟೋದ ಹೊತ್ತು, ನೀರಿನ ಹೊತ್ತು, ಎಮ್ಮೆಯ ಕೆಸರು, ಚಿಗವ್ವನ ಮೊಣಕಾಲು ಎಲ್ಲ ಎರಡೂ ಭಾಷೆಯಲ್ಲಿ ಹೊರಬಂದವು. ಕೆಳಗಿನ ಓಣಿಗೆ ಮೊದಲು ಬಿಟ್ಟರೆ ಏನು ಕಷ್ಟ ಎಂದು ಅಧಿಕಾರಿ ನೀರುಗಂಟಿಯನ್ನು ಕೇಳಿದರು. ವಾಲ್ವ್ ತಿರುಗಿಸುವುದು ಅವನ ಕೆಲಸ.

"ನನಗೇನ್ರಿ," ಎಂದ ಅವನು. "ಇತ್ಲಾಗ ತಿರುವಿದ್ರೂ ಅದ ಕೈ, ಅತ್ಲಾಗ ತಿರುವಿದ್ರೂ ಅದ ಕೈ. ಮೊದಲಿಂದ ಹಿಂಗೈತಿ, ಅದಕ ಹಿಂಗ."

ಮೇಲಿನ ಓಣಿಯ ಅಂಗಡಿಯವನೊಬ್ಬ, ಮೊದಲಿನಿಂದ ಬಂದದ್ದನ್ನು ತಪ್ಪಿಸುವುದು ಬೇಡ ಎಂದ. ಯಾವ ಮೊದಲಿನಿಂದ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ನಾನು ಇನ್ನೇನು ಜಗಳ ಹತ್ತುತ್ತದೆ, ಸಮಿತಿ ರಚನೆಯಾಗುತ್ತದೆ, ಎಲ್ಲವೂ ನನ್ನ ಪಠ್ಯದಂತೆ ಮುಗಿಯುತ್ತದೆ ಎಂದು ಕಾಯುತ್ತಿದ್ದೆ. ಆಗ ಸರ್ಪಂಚರ ಹೆಂಡತಿ ಮಾತನಾಡಿದರು. ಅವರು ಮಾತನಾಡುತ್ತಾರೆಂದು ಸರ್ಪಂಚರೂ ಎಣಿಸಿರಲಿಲ್ಲ.

"ಮೇಲಿನ ಓಣ್ಯಾಗ ಕೋಳಿ ಕೂಗಾಕ ಮುಂಚೆ ಎದ್ದು ನೀರು ಹಿಡಿಯೋರು ಯಾರು, ಗಂಡಸರೇನು? ನಮ್ಮನ್ನ ಯಾರನ ಕೇಳೀರೇನು? ಕೆಳಗಿನ ಓಣಿಯಾಕಿ ಹೊಲಕ್ಕ ಹೋಗೋಕಿ, ಆಕಿಗೆ ಮೊದಲ ಬಿಡ್ರಿ. ನಾವೂ ಒಂದೀಟು ನಿದ್ದಿ ಮಾಡ್ತೀವಿ."

ಅಂಗಡಿಯವನು ತನ್ನ ಹೆಂಡತಿಯ ಕಡೆ ನೋಡಿದ. ಆಕೆ ರಂಗೋಲಿ ನೋಡುತ್ತಿದ್ದಳು. ಓಣಿಯೆಲ್ಲ ನಕ್ಕಿತು. ಸಭೆ ಅದನ್ನು ಒಪ್ಪಿತು. ಚಾ ಬಂತು, ಫೋಟೋ ಆಯಿತು, ಜೀಪು ಹೋಯಿತು. ಅಷ್ಟರ ಮಟ್ಟಿಗೆ ನಾನು ಹೇಳಿದ್ದೂ ಸರಿಯಾಯಿತು.

ಆಮೇಲೆ ನನಗೆ ಹತ್ತಿದ ಹುಳ, ಆ ಮಾತು ಯಾರದು ಎಂಬುದು. ಫೋನಿನಲ್ಲಿ ಚಿಗವ್ವನನ್ನು ಕೇಳಿದೆ. "ನಾನಾ? ನಾ ತೆಲುಗಿನಾಗ ಏನೋ ಬಡಬಡಿಸಿ ಕುಂತೆ ನೋಡು. ಅಂದಾಕಿ ಎದುರುಮನಿಯಾಕಿ," ಎಂದಳು. ಎದುರುಮನೆಯಾಕೆಯನ್ನು ಕೇಳಿದರೆ, "ನಿಮ್ಮ ಚಿಗವ್ವನ ಬಾಯಿ ನಿಮಗ ಗೊತ್ತಿಲ್ಲೇನು?" ಎಂದಳು. ಆದೋನಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಸರ್ಪಂಚರು, ಅದನ್ನು ಅಧಿಕಾರಿಗೆ ಮುಖದ ಮೇಲೆ ಹೇಳಿದ್ದು ತಾವೇ ಎಂದರು. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋ ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಅಧಿಕಾರಿ ಇದ್ದಾರೆ, ಬೇವಿನ ಮರವಿದೆ, ನನ್ನ ಬೋಳಾಗುತ್ತಿರುವ ನೆತ್ತಿಯಿದೆ. ಹೆಂಗಸರೆಲ್ಲ ಅತ್ತ ತಿರುಗಿ ನಗುತ್ತಿದ್ದಾರೆ.

ಹೋಗಲಿ, ಮಾತು ಯಾರದಾದರೂ ಆಗಲಿ, ಅದರಿಂದಾದ ತೀರ್ಮಾನ ಉಳಿಯಿತೇ ಎಂಬುದು ದೊಡ್ಡ ಅನುಮಾನ. ಅಧಿಕಾರಿಗೆ ಬೇರೆ ಕಡೆ ವರ್ಗವಾಯಿತು ಎಂದು ಕೇಳಿದೆ. ವಾಲ್ವ್ ಮತ್ತೆ ಹಳೆಯ ಕಡೆ ತಿರುಗಿರುತ್ತದೆ ಎಂದುಕೊಂಡೆ. ಚಿಗವ್ವನನ್ನು ಕೇಳಿದರೆ ಹೇಳುತ್ತಿದ್ದಳು, ಆದರೆ ಕೇಳಿದ್ದನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಒಂದು ಸಂಜೆ ಅಲ್ಲಿಗೆ ಹೋಗಿ ಉಳಿದೆ. ಕೋಳಿ ಕೂಗುವ ಮುಂಚೆ ಎದ್ದು ನಳದ ಕಟ್ಟೆಯ ಮೇಲೆ ಕೂತೆ.

ಚಿಗವ್ವ ಹೊರಗೆ ಬಂದಳು. "ಏನಪ, ಇನ್ಸ್‌ಪೆಕ್ಷನ್ನಾ?"

"ಸುಮ್ನ ಕುಂತೀನಿ."

"ಸುಮ್ನ ಕುಂತಾವ ಆ ಕೊಡ ಇತ್ಲಾಗ ಸರಿಸು."

ನಳ ಮೊದಲು ಗಾಳಿ ಉಗುಳಿತು, ಆಮೇಲೆ ಕೆಮ್ಮಿತು, ಆಮೇಲೆ ಸುರಿಯಿತು. ಓಣಿಯ ಉದ್ದಕ್ಕೂ ಕೊಡಗಳ ಸದ್ದು. ಚಿಗವ್ವ ಕೊಡಗಳನ್ನು ಹೊಸ್ತಿಲ ಒಳಗೆ ಇಟ್ಟು, ಬುತ್ತಿ ಕಟ್ಟಿ, ನನಗೆ ಚಾ ಕೊಟ್ಟು, ಆಮೇಲೆ ಬಾಗಿಲಲ್ಲಿ ಕೂತು ಎದುರುಮನೆಯಾಕೆಯ ಜೊತೆ ಯಾರದೋ ಸೊಸೆಯ ವಿಷಯ ಮಾತಾಡತೊಡಗಿದಳು. ಬೇವಿನ ಮರದ ಕಡೆಯಿಂದ ಹಾರ್ನ್ ಕೇಳಿಸಿದ್ದು ಆಗ. ಇಬ್ಬರೂ ಎದ್ದು, ಸೊಸೆಯ ವಿಷಯ ಬಿಡದೆ, ಆಟೋ ಹತ್ತಿದರು. ಸೀರೆಯ ಬಣ್ಣ ನೋಡಿಟ್ಟುಕೊಳ್ಳಬೇಕೆಂದಿದ್ದೆ, ಮರೆತೆ.

ಒಂದು ದಿನದ ಸಾಕ್ಷ್ಯ ಸಾಲದೆಂದು ಮಾರನೆಯ ದಿನವೂ ಉಳಿದು ನೋಡಿದೆ. ಅವತ್ತೂ ನೀರು ಮೊದಲು ಬಂತು, ಆಟೋ ಆಮೇಲೆ ಬಂತು.