ಖಜೂರಿ ಲಿಂಕ್ ಕಡಿದದ್ದು ಗಾಳಿಯಲ್ಲ

‘ಗಾಳಿಗೆ ಖಜೂರಿಯ ಲಿಂಕ್ ಹೋಗಿತ್ತು, ಆಳಂದದಲ್ಲಿ ಕೂತ ಹುಡುಗ ಒಂದೇ ಕಮಾಂಡ್ ಹೊಡೆದು ತಂದ’ ಎಂದು ನಮ್ಮ ಕಚೇರಿಯಲ್ಲಿ ಈಗಲೂ ಹೇಳುತ್ತಾರೆ. ಈ ವಾಕ್ಯದಲ್ಲಿ ಮೂರು ಸಂಗತಿಗಳಿವೆ. ನಿಜವಾದದ್ದು ಒಂದೇ: ನಾನು ಆಳಂದದಲ್ಲಿ ಕೂತಿದ್ದೆ.

ಎರಡು ವರ್ಷದ ಹಿಂದಿನ ಮಾತು. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ವೈರ್‌ಲೆಸ್ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿಯಲ್ಲಿ ನಾನು ನೆಟ್‌ವರ್ಕ್ ಎಂಜಿನಿಯರ್. ಆಳಂದದ ಟವರ್ ಮೇಲೆ ಸಿಗ್ನಲ್ ಕಳಿಸುವ ಪೆಟ್ಟಿಗೆ, ಅಂದರೆ ಒಂದು ರೇಡಿಯೊ, ಅದಕ್ಕೆ ಮುಖ ಮಾಡಿ ಖಜೂರಿ ಹೊರಗಿನ ದಿಬ್ಬದಲ್ಲಿ ಗಂಗಾಬಾಯಿ ಎಂಬವರ ಹೊಲದ ಮನೆಯ ಮಾಳಿಗೆಯ ಮೇಲೆ ಇನ್ನೊಂದು. ಇವೆರಡರ ನಡುವಿನ ಸಂಪರ್ಕವೇ ಖಜೂರಿಯ ಲಿಂಕ್. ಎರಡನ್ನೂ ಕಮಾಂಡ್ ಲೈನ್‌ನಿಂದ ನಡೆಸುತ್ತಿದ್ದೆವು. ಕಪ್ಪು ಪರದೆ, ಅದರಲ್ಲಿ ಟೈಪ್ ಮಾಡಿದ ಆಜ್ಞೆ. ಎಂಟರ್ ಒತ್ತಿದರೆ ಮುಗಿಯಿತು. ‘ಖಚಿತವೇ?’ ಎಂದು ಅದು ಕೇಳುವುದಿಲ್ಲ. ನನಗೆ ಅದಕ್ಕೇ ಇಷ್ಟವಾಗಿತ್ತು.

ಅಂದು ಮಧ್ಯಾಹ್ನ ಎರಡೂ ಐವತ್ತಕ್ಕೆ ಖಜೂರಿಯ ಸೇವಾ ಕೇಂದ್ರದಿಂದ ಶಿವಲೀಲಾ ಫೋನ್ ಮಾಡಿದರು. ನರ್ಸಿಂಗ್ ಮುಗಿಸಿದವರು, ಮೂರೂವರೆಗೆ ಆಸ್ಪತ್ರೆಯೊಂದರ ವಿಡಿಯೊ ಸಂದರ್ಶನ.

“ಸರ್, ಚಿತ್ರ ನಿಂತ್ ನಿಂತ್ ಬರಾಕತ್ತದ್ರಿ. ಇವತ್ತ ತಪ್ಪಿದ್ರ ಮತ್ತ ಕರಿಯಂಗಿಲ್ಲ ಅಂದಾರ್ರಿ.”

ಆಳಂದದ ರೇಡಿಯೊವನ್ನು ಒಮ್ಮೆ ಆರಿಸಿ ಹಚ್ಚಿದರೆ ಸರಿಹೋದೀತು ಎಂದುಕೊಂಡೆ. ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು ತೆರೆದಿದ್ದವು, ರೇಡಿಯೊಗೊಂದರಂತೆ. ಎರಡೂ ರೇಡಿಯೊಗಳಿಗೆ ಕಾರ್ಖಾನೆ ಕೊಟ್ಟ ಒಂದೇ ಹೆಸರು. ಬದಲಿಸಬೇಕೆಂದು ತಿಂಗಳುಗಟ್ಟಲೆ ಅಂದುಕೊಳ್ಳುತ್ತಲೇ ಇದ್ದೆ. ಒಂದರಲ್ಲಿ ಆರಿಸುವ ಆಜ್ಞೆ ಹೊಡೆದೆ. ಕಿಟಕಿ ಅಲ್ಲೇ ನಿಂತುಬಿಟ್ಟಿತು. ಆರಿದ್ದು ಖಜೂರಿಯ ರೇಡಿಯೊ. ಅದನ್ನು ಮತ್ತೆ ಹಚ್ಚುವ ಆಜ್ಞೆ ಹೋಗಬೇಕಾದ ದಾರಿಯೂ ಅದೇ.

ಉಳಿದದ್ದು ಒಂದೇ ಉಪಾಯ: ಅಲ್ಲಿ ಯಾರಾದರೂ ಅದರ ಕರೆಂಟ್ ತೆಗೆದು ಮತ್ತೆ ಕೊಡಬೇಕು. ಕರೆಂಟ್ ಹೋಗಿ ಬಂದರೆ ಸೇವ್ ಮಾಡದ ಆಜ್ಞೆಯನ್ನು ಯಂತ್ರ ಮರೆಯುತ್ತದೆ. ನಾನು ಸೇವ್ ಹೊಡೆದಿದ್ದೆನೇ? ಅದು ನನ್ನ ಕೈಯ ಚಾಳಿ. ಹೊಡೆದಿದ್ದರೂ ಲಿಂಕ್ ಸತ್ತ ಮೇಲೆ ತಲುಪಿರಲಾರದು. ವಾದವೇನೋ ಸರಿಯಿತ್ತು. ಕಂಪನಿಯ ಜೀಪು ಜೇವರ್ಗಿಗೆ ಹೋಗಿತ್ತು. ನಾನು ಬೈಕಿನಲ್ಲಿ ಹೊರಟರೂ ಮೂರೂವರೆಯೊಳಗೆ ಮುಟ್ಟುವ ಮಾತಿರಲಿಲ್ಲ.

“ಏನಾತ್ರಿ ಸರ್? ಪೂರಾ ಹೋತಲ್ರಿ!” ಶಿವಲೀಲಾ ಮತ್ತೆ ಕೇಳಿದರು.

“ಗಾಳಿ ರೀ, ಗಾಳಿ,” ಎಂದೆ. ಕಿಟಕಿಯಾಚೆ ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ.

ಗಂಗಾಬಾಯಿಗೆ ಫೋನ್ ಹಚ್ಚಿದೆ.

“ಆಯಿ, ಕಂಪನಿಯಿಂದ ಮಾತಾಡಾಕತ್ತೇನಿ. ಮಾಳಿಗಿ ಮ್ಯಾಗಿನ ಪೆಟ್ಟಿಗಿ ಸ್ವಿಚ್ ಒಮ್ಮೆ ಬಂದ್ ಮಾಡ್ರಿ.”

“ಯಾಂವಪಾ ನೀ? ಯಾರ ಫೋನ್ ಮಾಡಿದ್ರೂ ಅದಕ್ಕ ಕೈ ಹಚ್ಚಬ್ಯಾಡ ಅಂತ ಕಂಪನ್ಯಾಂವನ ಹೇಳ್ಯಾನ.”

“ಹೇಳಿದಾಂವ ನಾನರಿ!”

“ಹಂಗಾರ ನಿನ್ನ ಮಾತ ಕೇಳಾಕತ್ತೇನಿ. ಒದರತಿ ಯಾಕ?”

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಗೆದ್ದವನು ನಾನು. ಇಲ್ಲಿ ವಾದ ಬಿಟ್ಟೆ. ಶಿವಲೀಲಾ ಅವರ ಸಂದರ್ಶನದ ವಿಷಯ ಹೇಳಿದೆ. “ಹಂಗಾರ ಅಕಿನ್ನ ಕಳಸು” ಎಂದರು. ಶಿವಲೀಲಾ ಊರಿನಿಂದ ದಿಬ್ಬಕ್ಕೆ ನಡೆದು ಮರಳುವಷ್ಟರಲ್ಲಿ ಸಮಯ ಮೀರುತ್ತಿತ್ತು. ಆಗಲೇ ಮೂರೂ ಹನ್ನೆರಡು.

ಕೊನೆಗೆ ಗಂಗಾಬಾಯಿಯೇ ಕೇಳಿದರು: “ಪೆಟ್ಟಿಗಿ ಕೂಡ್ಸಿದ ದಿನ ನಮ್ಮ ಮನ್ಯಾಗ ಏನ ಉಂಡಿ, ಹೇಳು.”

ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಉಣಿಸದೆ ಬಿಡುವುದಿಲ್ಲ. ‘ರೊಟ್ಟಿ, ಝುಣಕ’ ಎಂದರೆ ನಡೆದೀತು ಎನಿಸಿತು. ನಾಲಿಗೆಯ ತುದಿಗೂ ಬಂತು. ಆದರೆ ನನಗೆ ನೆನಪಿದ್ದದ್ದು ಬೇರೆ.

“ಏನೂ ಉಣ್ಣಲಿಲ್ಲ, ಆಯಿ. ಗಡಿಬಿಡಿ ಮಾಡಿ ಹೋದ್ನಿ.”

“ಹ್ಞಾಂ, ಈಗ ಖರೆ. ರೊಟ್ಟಿ ಬಡದ ಇಟ್ರೂ ಓಡಿ ಹೋದಾಂವ ನೀ ಒಬ್ಬನ.”

ಸ್ವಿಚ್ ಆರಿಸಿ ಮೂವತ್ತು ಎಣಿಸಲು ಹೇಳಿದೆ. ಇಪ್ಪತ್ತೆಂಟಕ್ಕೆ ಕೆಮ್ಮು ಬಂತೆಂದು ಅವರು ಮತ್ತೆ ಒಂದರಿಂದ ಶುರು ಮಾಡಿದರು. ಹಚ್ಚಿದ ಮೇಲೂ ರೇಡಿಯೊ ಎದ್ದು ನಿಲ್ಲಲು ನಿಮಿಷಗಳು ಬೇಕು. ಮೂರೂ ಇಪ್ಪತ್ತಾರಕ್ಕೆ ಪರದೆಯಲ್ಲಿ ಖಜೂರಿ ಉತ್ತರಿಸಿತು.

ಕಚೇರಿಯವರು ಕಂಡದ್ದು ನನ್ನ ಪರದೆಯನ್ನಷ್ಟೇ; ಚಪ್ಪಾಳೆ ತಟ್ಟಿದರು. ನಾನು ತಡೆಯಲಿಲ್ಲ. ವಾರದ ನಂತರ ಮ್ಯಾನೇಜರ್‌ಗೆ ನಿಜ ಹೇಳಿದಾಗ, “ಲಿಂಕ್ ಬಂತಲ್ಲ, ಬಿಡಪಾ” ಎಂದರು.

ಈಗ ನಮ್ಮ ಪ್ರತಿ ರೇಡಿಯೊಗೂ ಅದರ ಊರಿನ ಹೆಸರೇ ಇದೆ. ಯಾವುದಕ್ಕೇ ಕೈ ಹಚ್ಚುವ ಮುನ್ನ ‘ಹತ್ತು ನಿಮಿಷಕ್ಕೆ ನೀನಾಗಿಯೇ ಮರುಚಾಲನೆಯಾಗು’ ಎಂಬ ಆಜ್ಞೆ ಕೊಟ್ಟಿರುತ್ತೇನೆ. ಎಲ್ಲ ಸರಿಯಿದ್ದರೆ ಅದನ್ನು ರದ್ದು ಮಾಡುತ್ತೇನೆ. ಟೈಪ್ ಮಾಡಿದವನನ್ನು ಯಂತ್ರ ಪೂರ್ತಿ ನಂಬುತ್ತದೆ. ಆದ್ದರಿಂದ ಟೈಪ್ ಮಾಡುವವನು ತನ್ನ ಕೈಯನ್ನು ನಂಬಬಾರದು. ಕೆಲಸ ಕಲಿಸಿದ ಪಾಠ ಇದು.

ಎಲ್ಲರ ಕಥೆಯೂ ಮೂರೂ ಇಪ್ಪತ್ತಾರಕ್ಕೇ ಮುಗಿಯುತ್ತದೆ. ಶಿವಲೀಲಾ ಆಯ್ಕೆಯಾಗಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅದು ತಿಳಿದ ಮೇಲೆ ನಾನು ಖಜೂರಿಗೆ ಹೋಗಿ, ನಡೆದದ್ದನ್ನು ಅವರೆದುರು ಒಪ್ಪಿಕೊಂಡೆ. ಕೇಂದ್ರದ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಬೈಯಲಿಲ್ಲ. ಕೆಲಸ ತಪ್ಪಿದ್ದು ನನ್ನಿಂದಲೇ ಏನೋ ಎಂದು ಆಗ ನಾನೇ ಕೇಳಿದೆ:

“ಅವರು ಮೊದಲನೇ ಪ್ರಶ್ನೆ ಕೇಳಿದಾಗ ನಿಮ್ಮ ಲಕ್ಷ್ಯ ಆ ಪ್ರಶ್ನೆ ಮ್ಯಾಲ ಇತ್ತೇನ್ರಿ, ಇಲ್ಲಾ ಲೈನ್ ಮತ್ತ ಹೋಗ್ತದೇನೋ ಅನ್ನೋದರ ಮ್ಯಾಲ ಇತ್ತೇನ್ರಿ?”